ಎಡಗಡೆಯಿಂದ ಬರುವ ಚೆಂಡು

ಜನವರಿ ೮, ಸೋಮವಾರ

ಇದು ನನ್ನ ಹನ್ನೊಂದನೇ ಕ್ಲಬ್ಬು. ಈ ಸಲ ಎಲ್ಲವನ್ನೂ ಬರೆದಿಡಬೇಕೆಂದು ತೀರ್ಮಾನಿಸಿದ್ದೇನೆ. ಯಾರು ಯಾವಾಗ ಏನಂದರು ಎನ್ನುವುದು ಕಾಗದದ ಮೇಲಿದ್ದರೆ, ನಾಳೆ ಅವರು ಮಾತು ತಿರುಗಿಸಿದಾಗ ನಾನು ಪೆದ್ದನಂತೆ ನಿಲ್ಲಬೇಕಾಗುವುದಿಲ್ಲ. ಹಿಂದೆ ಒಬ್ಬ ಕೋಚ್ ಸಂಜೆ ನನ್ನ ಹೆಗಲ ಮೇಲೆ ಕೈಹಾಕಿ, ನೀನು ನನ್ನ ಸ್ವಂತ ತಮ್ಮನಿದ್ದ ಹಾಗೆ ಎಂದಿದ್ದ. ಬೆಳಿಗ್ಗೆ ಹೋಗಿ ನೋಡಿದರೆ ನನ್ನ ಗೂಟದಲ್ಲಿ ಬೇರೊಬ್ಬನ ಅಂಗಿ ನೇತಾಡುತ್ತಿತ್ತು. ಇನ್ನೊಂದು ದೇಶದಲ್ಲಿ ನನ್ನ ಬೂಟಿನ ದಾರವನ್ನು ಯಾರೋ ಬ್ಲೇಡಿನಿಂದ ಅರ್ಧ ಕೊಯ್ದಿಟ್ಟಿದ್ದರು. ದೇಶ ಯಾವುದಾದರೇನು, ಸ್ಟ್ರೈಕರನ ಜಾಗ ಇರುವುದು ಒಂದೇ, ಅದರ ಮೇಲೆ ಕಣ್ಣಿಟ್ಟವರು ಹತ್ತು ಜನ. 'ನನ್ನದು', 'ಬಿಡು', 'ಹಿಂದೆ ಇದ್ದಾನೆ' ಎನ್ನಲು ನನಗೆ ಆರು ಭಾಷೆಗಳಲ್ಲಿ ಬರುತ್ತದೆ. ಅದಕ್ಕಿಂತ ಹೆಚ್ಚಿಗೆ ಯಾವ ಭಾಷೆಯನ್ನೂ ಕಲಿಯುವಷ್ಟು ಹೊತ್ತು ಎಲ್ಲಿಯೂ ನಿಂತಿಲ್ಲ.

ತಂಡ ಪಟ್ಟಿಯ ತಳದಲ್ಲಿದೆ. ಕೆಳಗಿನ ಡಿವಿಜನ್ನಿಗೆ ಉರುಳಿಹೋಗುವ ಮೊದಲು ಇವರಿಗೆ ಗೋಲು ಹೊಡೆಯುವವನೊಬ್ಬ ಬೇಕಾಗಿದ್ದ. ನನ್ನ ಹೆಂಡತಿಯ ತಮ್ಮನೇ ನನ್ನ ಏಜೆಂಟ್. ಅವನು ಮಾತಾಡಿ ಮೇ ತಿಂಗಳವರೆಗೆ ಒಪ್ಪಂದ ಕುದುರಿಸಿದ. ಮೂವತ್ತೈದು ದಾಟಿದವನಿಗೆ ಇಷ್ಟು ಸಿಕ್ಕಿದ್ದೇ ಹೆಚ್ಚು ಎನ್ನುವ ಹಾಗೆ ಫೋನಿನಲ್ಲಿ ನಕ್ಕ. ಆ ನಗು ನನಗೆ ಹಿಡಿಸಲಿಲ್ಲ.

ಕ್ಲಬ್ಬಿನ ಡಾಕ್ಟರ್ ಮೊಣಕಾಲು ತಿರುಗಿಸಿ ನೋಡಿದ, ಎದೆಗೆ ತಂತಿ ಅಂಟಿಸಿ ಓಡಿಸಿದ, ಗೋಡೆಯ ಮೇಲಿನ ಅಕ್ಷರಗಳನ್ನು ಓದಿಸಿದ. ಕೊನೆಯ ಸಾಲಿನವರೆಗೂ ಗಡಗಡ ಓದಿದೆ. ತಪ್ಪು ಹುಡುಕಿಯೇ ತೀರಬೇಕೆಂದು ಬಂದವನಿಗೆ ಏನೂ ಸಿಗಲಿಲ್ಲ.

ಡ್ರೆಸ್ಸಿಂಗ್ ರೂಮಿನಲ್ಲಿ ಎಡಪಕ್ಕದ ವಿಂಗರ್, ಎಂದರೆ ಮೈದಾನದ ಎಡಗೆರೆಯುದ್ದಕ್ಕೂ ಓಡಿ ನನಗೆ ಚೆಂಡು ಒದಗಿಸಬೇಕಾದವನು, ತಾನಾಗಿ ಬಂದು ಕೈಕುಲುಕಿದ. ಎಲ್ಲರೂ ಅವನನ್ನು ಎಡಚ ಎನ್ನುತ್ತಾರೆ. ಇಪ್ಪತ್ತಾರರ ಸುಮಾರು, ತೆಳ್ಳಗೆ, ನಿಂತಲ್ಲಿ ನಿಲ್ಲದ ಕಾಲು. "ಅಣ್ಣ, ನಿಮ್ಮ ಆಟ ನೋಡ್ಕೊಂಡೇ ಬೆಳೆದವನು ನಾನು" ಎಂದ. ಈ ಮಾತು ನನಗೆ ಹೊಸದಲ್ಲ. ಹಾಗೆಂದವರೆಲ್ಲ ಬೆನ್ನ ಹಿಂದೆ ಗುದ್ದಲಿ ಇಟ್ಟುಕೊಂಡೇ ಬಂದಿದ್ದರು.

ಜನವರಿ ೧೩, ಶನಿವಾರ

ಗೆದ್ದೆವು. ಮೊದಲ ಗೋಲು ನನ್ನದು. ಬಲಗಡೆಯ ಗೆರೆಯಿಂದ ತೇಲಿ ಬಂದ ಕ್ರಾಸ್, ಹಣೆಯ ಮಧ್ಯಕ್ಕೆ ಸರಿಯಾಗಿ ಕೂತಿತು. ಗೋಲ್‌ಕೀಪರ್ ನನ್ನ ತಲೆ ಸವರಿ, ಹುಣಸೆ ಮರಕ್ಕೆ ಮುಪ್ಪಾದರೂ ಹುಳಿಗೆ ಮುಪ್ಪಿಲ್ಲ ಎಂದ. ಎಲ್ಲರೂ ನಕ್ಕರು. ಹೊಗಳಿದ್ದೋ, ವಯಸ್ಸನ್ನು ಎತ್ತಿ ಆಡಿದ್ದೋ ತಿಳಿಯಲಿಲ್ಲ.

ಎಡಚನ ವಿಷಯ ಬರೆಯಬೇಕು. ಅವನ ಕಡೆಯಿಂದ ಬಂದ ಒಂದು ಚೆಂಡೂ ನನಗೆ ದಕ್ಕಲಿಲ್ಲ. ಬರುವ ಸೂಚನೆಯೇ ಇಲ್ಲದೆ ಇದ್ದಕ್ಕಿದ್ದಂತೆ ಮೂಗಿನ ಮುಂದೆ ಪ್ರತ್ಯಕ್ಷವಾಗುತ್ತದೆ, ಇಲ್ಲವೇ ಕುತ್ತಿಗೆಯ ಹಿಂದಿನಿಂದ ಹಾದು ಹೋಗುತ್ತದೆ. ಹೊರಗಿನಿಂದ ನೋಡುವವರಿಗೆ ಒಳ್ಳೆಯ ಕ್ರಾಸ್; ತಪ್ಪಿಸಿಕೊಂಡವನು ನಾನು. ಹಾವೂ ಸಾಯಬಾರದು, ಕೋಲೂ ಮುರಿಯಬಾರದು. ಪಳಗಿದ ಕೈ.

ಜನವರಿ ೧೫, ಸೋಮವಾರ

ಕೋಚ್ ಪಂದ್ಯದ ವಿಡಿಯೋ ಹಾಕಿದರು. ಎಡಚನ ಚೆಂಡು ದೂರದಿಂದ ನಿಧಾನವಾಗಿ ತೇಲಿ ಬರುವುದೂ, ನಾನು ಬಸ್ಸಿಗೆ ಕಾಯುವವನಂತೆ ನಿಂತಿರುವುದೂ ಕಂಡಿತು. ಯಾರೋ ಹಿಂದೆ ಕಿಸಕ್ಕೆಂದರು. ಕ್ಯಾಮೆರಾ ಇಟ್ಟ ಜಾಗ ಸರಿಯಿಲ್ಲ, ಆ ಕೋನದಿಂದ ಎಲ್ಲವೂ ಸುಲಭವಾಗಿಯೇ ಕಾಣುತ್ತದೆ ಎಂದೆ. ಕೋಚ್ ಆ ತುಣುಕನ್ನು ಮತ್ತೊಮ್ಮೆ ಹಾಕಿದರು. ಎಡಚ ಮಾತ್ರ ಪರದೆ ಬಿಟ್ಟು ನನ್ನನ್ನೇ ನೋಡುತ್ತಿದ್ದ. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿಕೊಳ್ಳುವುದು ಹೀಗೆಯೇ.

ಜನವರಿ ೧೮, ಗುರುವಾರ

ಕಾರಿನ ಎಡಬದಿಗೆ ಯಾರೋ ಉದ್ದಕ್ಕೂ ಗೀರು ಎಳೆದಿದ್ದಾರೆ. ಕ್ಲಬ್ಬಿನ ಪಾರ್ಕಿಂಗಿನಲ್ಲೇ ಆಗಿರಬೇಕು. ಸೆಕ್ಯುರಿಟಿಯವನನ್ನು ವಿಚಾರಿಸಿದರೆ ಏನೂ ಅರಿಯದ ಹಸುಳೆಯ ಹಾಗೆ ಮುಖ ಮಾಡಿದ.

ಮನೆಯಲ್ಲಿ ಹೆಂಡತಿ ಗೀರಿನ ಮೇಲೆ ಬೆರಳಾಡಿಸಿ ನೋಡಿದಳು. ಬೆರಳ ತುದಿಗೆ ಹಳದಿ ಬಣ್ಣದ ಪುಡಿ ಹತ್ತಿತು. ನಮ್ಮ ಕಟ್ಟಡದ ನೆಲಮಾಳಿಗೆಯ ಕಂಬಗಳಿಗೂ ಹಳದಿ ಬಣ್ಣ ಎಂದಳು. ಇದ್ದರೇನಂತೆ, ಊರಲ್ಲಿ ಹಳದಿ ಬಣ್ಣಕ್ಕೇನು ಬರವೇ ಎಂದೆ. ಅವಳು ಕೀಲಿಯನ್ನು ತನ್ನ ಚೀಲಕ್ಕೆ ಹಾಕಿಕೊಂಡು, "ನನಗೂ ಓಡಿಸೋ ರೂಢಿ ತಪ್ಪಿಹೋಗ್ತಿದೆ ರೀ. ಇನ್ಮೇಲೆ ನಾನೇ ಬಿಡ್ತೀನಿ ನಿಮ್ಮನ್ನ" ಎಂದಳು.

ಮದುವೆಯಾದಂದಿನಿಂದ ಇಲ್ಲದ ಆಸೆ ಈಗ ಹುಟ್ಟಿದೆ. ಅವಳಿಗೆ ಇಲ್ಲೊಂದು ಶಾಲೆಯಲ್ಲಿ ಗಣಿತ ಹೇಳಿಕೊಡುವ ಕೆಲಸ ಸಿಕ್ಕಿದೆ. ನನ್ನ ಹಿಂದೆ ಊರೂರು ಅಲೆದು ಎಷ್ಟು ಶಾಲೆ ಬಿಟ್ಟಳೋ. ಬಹುಶಃ ಇಲ್ಲಿಂದ ಏಳುವ ಮನಸ್ಸಿಲ್ಲ. ಕಾರು ಅದರ ಮೊದಲ ಹೆಜ್ಜೆ.

ಜನವರಿ ೨೪, ಬುಧವಾರ

ಊಟದ ಮೇಜಿನ ಮೇಲೆ ಮಗಳು ಹಾಲಿನ ಲೋಟವನ್ನು ನನ್ನ ಎಡಗೈ ಪಕ್ಕದಲ್ಲೇ ಇಟ್ಟಿದ್ದಳು. ತಾಗಿ ಚೆಲ್ಲಿತು. ಎಲ್ಲಿ ಬೇಕೆಂದರಲ್ಲಿ ಇಡುತ್ತೀಯಾ ಎಂದು ಗದರಿದೆ. "ಅದು ಆಗಿನಿಂದ ಅಲ್ಲೇ ಇತ್ತು ಅಪ್ಪ, ನೀನು ನೋಡ್ಲೇ ಇಲ್ಲ" ಎಂದಳು. ಒಂಬತ್ತು ವರ್ಷಕ್ಕೇ ಎದುರು ಮಾತು. ತಾಯಿಯ ಕಡೆ ತಿರುಗಿದರೆ ಅವಳು ನೆಲ ಒರೆಸುತ್ತ ನನ್ನನ್ನೇ ನೋಡುತ್ತಿದ್ದಳು, ಹೋಂವರ್ಕಿನಲ್ಲಿ ತಪ್ಪು ಹುಡುಕುವವಳ ಹಾಗೆ.

ಈ ಮನೆಯ ಬಾಗಿಲುಗಳೂ ಕಿರಿದು. ಭುಜ ತಾಗಿಸಿಕೊಳ್ಳದೆ ಒಳಬರುವ ಹಾಗಿಲ್ಲ.

ಜನವರಿ ೨೭, ಶನಿವಾರ

ಈಗ ಹೊಸ ನಾಟಕ. ಎಡಚ ಚೆಂಡು ಒದೆಯುವ ಮೊದಲು ಕೂಗಲು ಶುರು ಮಾಡಿದ್ದಾನೆ. "ಅಣ್ಣಾ, ಎಡಕ್ಕೆ! ಅಣ್ಣಾ, ಹಿಂದೆ!" ದನ ಅಟ್ಟುವವನ ಗಂಟಲು. ಎದುರಾಳಿಗಳಿಗೂ ತಿಳಿಯುತ್ತದೆ ಚೆಂಡು ಎತ್ತ ಬರುತ್ತದೆಂದು. ಇಷ್ಟು ವರ್ಷ ಆಡಿದವನಿಗೆ ಎಡ ಬಲ ಹೇಳಿಕೊಡುತ್ತಿದ್ದಾನೆ, ಅದೂ ತುಂಬಿದ ಮೈದಾನದಲ್ಲಿ.

ಮತ್ತೊಂದು. ತನ್ನ ಗೆರೆ ಬಿಟ್ಟು ನಡುವಿಗೆ, ನನ್ನ ಕಣ್ಣೆದುರಿಗೇ ನುಗ್ಗಿ ಬರುತ್ತಾನೆ. ಅಲ್ಲಿಂದ ಪಾಸ್ ಕೊಡುತ್ತಾನೆ. ಎರಡು ಸಿಕ್ಕವು, ನಿಜ. ಒಂದು ಗೋಲೂ ಆಯಿತು. ಆದರೆ ಎಡಗೆರೆಯ ಆಳಿಗೆ ನಡುಮೈದಾನದಲ್ಲೇನು ಕೆಲಸ? ನನ್ನ ಜಾಗದ ರುಚಿ ನೋಡುತ್ತಿದ್ದಾನೆ. ಕೋಚ್ ನೋಡಿಯೂ ಸುಮ್ಮನಿದ್ದಾರೆ. ನಾನು ಗೆರೆ ತಪ್ಪಿದರೆ ಬೈಗುಳ, ಅವನು ತಪ್ಪಿದರೆ ಮೌನ. ಒಂದು ಕಣ್ಣಿಗೆ ಬೆಣ್ಣೆ, ಒಂದು ಕಣ್ಣಿಗೆ ಸುಣ್ಣ.

ಫೆಬ್ರವರಿ ೨, ಶುಕ್ರವಾರ

ಕಾರಿಡಾರಿನ ತುದಿಯಲ್ಲಿ ಎಡಚ ಫೋನಿನಲ್ಲಿ ಮಾತಾಡುತ್ತಿದ್ದ. "ಅವರಿಗೆ ಗೊತ್ತಾಗೋದು ಬೇಡ, ನೀವೇ ನಿಧಾನಕ್ಕೆ..." ಎಂದಿಷ್ಟು ಕೇಳಿಸಿತು. ನನ್ನನ್ನು ಕಂಡವನೇ ಫೋನ್ ಕಿಸೆಗೆ ಹಾಕಿ ನಕ್ಕ.

ಬರೆದಿಟ್ಟಿದ್ದೇನೆ.

ಫೆಬ್ರವರಿ ೧೦, ಶನಿವಾರ

ಕೆಂಪು ಕಾರ್ಡ್. ಮೂರು ಪಂದ್ಯ ಹೊರಗೆ.

ಆದದ್ದು ಇಷ್ಟು. ಚೆಂಡು ಮೇಲಿನಿಂದ ಇಳಿಯುತ್ತಿತ್ತು, ನಾನು ಅದಕ್ಕೆಂದು ಎಡಕ್ಕೆ ತಿರುಗಿ ಹಾರಿದೆ. ನನ್ನ ಮೊಣಕೈ ಯಾವುದಕ್ಕೋ ಬಡಿಯಿತು. ನೆಲಕ್ಕಿಳಿದು ನೋಡಿದರೆ ಅವರ ಡಿಫೆಂಡರ್ ಮುಖ ಮುಚ್ಚಿಕೊಂಡು ಬಿದ್ದಿದ್ದ. ಬೆರಳ ಸಂದಿಯಿಂದ ರಕ್ತ. ಕೆನ್ನೆಯ ಮೂಳೆಯೂ ದವಡೆಯೂ ಮುರಿದಿವೆಯಂತೆ. ಅವನು ಅಲ್ಲಿ ಇರಲೇ ಇಲ್ಲ. ಇದ್ದರೆ ನನಗೆ ಕಾಣುತ್ತಿರಲಿಲ್ಲವೇ? ಕೊನೆಯ ಗಳಿಗೆಯಲ್ಲಿ ಬೇಕೆಂದೇ ನುಗ್ಗಿರಬೇಕು. ರೆಫರಿಗೆ ಹೇಳಿದೆ, ಕೋಚ್‌ಗೆ ಹೇಳಿದೆ. ಇಬ್ಬರೂ ಕೇಳಲಿಲ್ಲ. ಅವನು 'ನನ್ನದು' ಎಂದು ಕೂಗುತ್ತ ಬಂದದ್ದನ್ನು ತಾನು ಕೇಳಿದೆ ಎಂದು ನನ್ನ ಹಿಂದೆಯೇ ಇದ್ದ ನಮ್ಮ ಮಿಡ್‌ಫೀಲ್ಡರನೇ ಹೇಳಿದ. ನಮ್ಮವನೇ.

ಎಡಚ ನನ್ನ ಬೂಟು ಬಿಚ್ಚಲು ಬಗ್ಗಿದ. ಕೈ ತಳ್ಳಿದೆ.

ಫೆಬ್ರವರಿ ೧೩, ಮಂಗಳವಾರ

ಹೆಂಡತಿ ಸ್ನಾನಕ್ಕೆ ಹೋಗಿದ್ದಾಗ ಅವಳ ಫೋನ್ ಮಿನುಗಿತು. ಎಡಚನ ಹೆಸರು. 'ಗುರುವಾರ ಶಾಲೆ ಬಿಟ್ಟ ಮೇಲೆ, ಅದೇ ಬೇಕರಿ. ಅಣ್ಣನಿಗೆ ಹೇಳಬೇಡಿ.'

ಅದೇ ಬೇಕರಿ.

ಫೆಬ್ರವರಿ ೧೪, ಬುಧವಾರ

ಏನೂ ಕೇಳಲಿಲ್ಲ. ಅವಳು ಮಗಳ ಜಡೆ ಹೆಣೆದಳು, ನನಗೆ ಚಹಾ ಕೊಟ್ಟಳು. ಲೋಟವನ್ನು ಮೇಜಿನ ಮೇಲಿಡದೆ ನೇರ ನನ್ನ ಕೈಗೇ ಕೊಟ್ಟಳು. ಇತ್ತೀಚೆಗೆ ಹಾಗೆಯೇ ಕೊಡುತ್ತಾಳೆ. ಅತಿ ವಿನಯ.

ಫೆಬ್ರವರಿ ೧೫, ಗುರುವಾರ

ಇದನ್ನು ಬರೆಯಲು ಕುಳಿತಾಗ ಎಲ್ಲಿಂದ ಶುರು ಮಾಡಬೇಕೆಂದು ತಿಳಿಯುತ್ತಿಲ್ಲ.

ಶಾಲೆಯ ಗೇಟಿನ ಎದುರಿನ ಬಸ್ ಸ್ಟಾಪಿನಲ್ಲಿ ಟೋಪಿ ಎಳೆದುಕೊಂಡು ನಿಂತಿದ್ದೆ. ಅವಳು ಮಗಳನ್ನು ಸಂಗೀತದ ಕ್ಲಾಸಿಗೆ ಬಿಟ್ಟು ಎರಡು ಬೀದಿ ನಡೆದು ಬೇಕರಿಗೆ ಹೋದಳು. ಎಡಚ ಆಗಲೇ ಒಳಗಿದ್ದ. ಗಾಜಿನಾಚೆ ಇಬ್ಬರೂ ತಲೆ ಹತ್ತಿರ ತಂದು ಮಾತಾಡುತ್ತಿದ್ದರು. ಅವಳು ಕಣ್ಣೊರೆಸಿಕೊಂಡಳು. ನನ್ನ ತಲೆಯೊಳಗೆ ಏನೇನು ಓಡಿತೋ ಬರೆಯುವುದಿಲ್ಲ. ಬಾಗಿಲು ತಳ್ಳಿ ನುಗ್ಗಿದೆ. ಎಡಗಡೆ ಜೋಡಿಸಿಟ್ಟಿದ್ದ ಬ್ರೆಡ್ಡಿನ ಟ್ರೇಗಳಿಗೆ ಭುಜ ಬಡಿದು, ಎಲ್ಲವೂ ದಡಬಡ ಎಂದು ಕೆಳಗುರುಳಿದವು. ಸಿಟ್ಟಿನಿಂದ ಬಂದವನ ಮರ್ಯಾದೆ ಅಲ್ಲಿಗೇ ಮುಗಿಯಿತು. ಬೇಕರಿಯವಳು ಬೈಯುತ್ತಿದ್ದಳು, ಎಡಚ ಎದ್ದು ಬಂದು ಬ್ರೆಡ್ಡು ಹೆಕ್ಕತೊಡಗಿದ.

ಅವನು ಮರಳಿ ಬಂದು ಕೂತ ಮೇಲೆ ಅವನ ಎದುರಿನ ಕುರ್ಚಿಯಲ್ಲಿ ಕೂತೆ. ಹೆಂಡತಿ ನನ್ನ ಎಡಗಡೆಗೆ ಬಂದಳು. ಎಷ್ಟು ದಿನದಿಂದ ನಡೆಯುತ್ತಿದೆ ಇದು ಎಂದು ಕೇಳಿದೆ.

"ಜನವರಿಯಿಂದ" ಎಂದಳು. "ಮೊದಲು ಇವರೇ ಫೋನ್ ಮಾಡಿದ್ದು. ನಾನು ಕಾರಿನ ಗೀರು ನೋಡಿದ ಮಾರನೇ ದಿನ."

"ಅಣ್ಣ, ನನ್ನ ಕಡೆಯಿಂದ ಚೆಂಡು ಬಂದಾಗ ನಿಮ್ಮ ತಲೆ ತಿರುಗೋದೇ ಇಲ್ಲ" ಎಂದ ಎಡಚ. "ಮೊದಮೊದಲು ನನ್ನ ಮೇಲೆ ಸಿಟ್ಟು ಅಂದ್ಕೊಂಡೆ. ಆಮೇಲೆ ಒಂದಿನ ಪ್ರಾಕ್ಟೀಸಲ್ಲಿ ನಿಮ್ಮ ಪಕ್ಕದಲ್ಲೇ ನಿಂತು ಕೈ ಬೀಸಿದೆ. ನಿಮಗೆ ಗೊತ್ತೇ ಆಗ್ಲಿಲ್ಲ."

ಇದೊಂದು ಹೊಸ ಕತೆ ಕಟ್ಟಿದ್ದೀರಿ ಎಂದೆ. ಕಂಡದ್ದು ಮುಚ್ಚಲು ಕಾಣದ ರೋಗವೊಂದನ್ನು ನನಗೇ ಅಂಟಿಸುತ್ತಿದ್ದೀರಿ ಎಂದೆ. ಇನ್ನೂ ಕೆಟ್ಟದ್ದನ್ನೂ ಅಂದೆ. ಹೆಂಡತಿಯ ಉತ್ತರಕ್ಕಾಗಿ ಕಾದೆ. ಎಡಚ ನನ್ನ ಮುಖವನ್ನೂ ಅದರ ಪಕ್ಕದ ಗಾಳಿಯನ್ನೂ ಬಾರಿ ಬಾರಿ ನೋಡುತ್ತಿದ್ದ. ಆಗ ನನ್ನ ಕೆನ್ನೆಗೆ ಏನೋ ತಾಗಿ ಬೆಚ್ಚಿಬಿದ್ದೆ. ಅವಳ ಬೆರಳು.

"ನೀವು ಕೂತಾಗಿನಿಂದ ಕೈ ಇಲ್ಲೇ ಹಿಡಿದಿದ್ದೀನಿ ರೀ" ಎಂದಳು. "ಬೇಕಾದ್ದು ಅನ್ನಿ. ಕಾಮಾಲೆ ಕಣ್ಣಿಗೆ ಕಂಡದ್ದೆಲ್ಲ ಹಳದಿ ಅಂತ ಸುಮ್ನಿರ್ತೀನಿ. ಆದ್ರೆ ಡಾಕ್ಟರ್ ಹತ್ರ ಬನ್ನಿ."

ಒಪ್ಪಿದ್ದೇನೆ. ಇವರ ಬಾಯಿ ಮುಚ್ಚಿಸಲು ಅದೊಂದೇ ದಾರಿ. ಗೋಡೆಯ ಅಕ್ಷರಗಳನ್ನು ಕೊನೆಯ ಸಾಲಿನವರೆಗೆ ಓದಿದವನು ನಾನು.

ಫೆಬ್ರವರಿ ೧೯, ಸೋಮವಾರ

ಕಣ್ಣಾಸ್ಪತ್ರೆ. ಬಲಗಣ್ಣಿಗೆ ಬಟ್ಟೆ ಕಟ್ಟಿ, ಒಂದು ದೊಡ್ಡ ಬೋಗುಣಿಯಂಥ ಯಂತ್ರದ ಮುಂದೆ ಗಲ್ಲ ಊರಿ ಕೂರಿಸಿದರು. ನಡುವಿನ ಚುಕ್ಕೆಯನ್ನೇ ನೋಡುತ್ತಿರಬೇಕು. ಸುತ್ತ ಎಲ್ಲಾದರೂ ಸಣ್ಣ ಬೆಳಕು ಮಿಂಚಿದರೆ ಕೈಯಲ್ಲಿನ ಗುಂಡಿ ಒತ್ತಬೇಕು. ಮೊದಲು ಒಂದೆರಡು ಮಿಂಚಿದವು, ಒತ್ತಿದೆ. ಆಮೇಲೆ ಯಂತ್ರ ನಿಂತುಹೋಯಿತು. ಕಾದೆ. ಮತ್ತೊಂದು ಬಂತು. ಮತ್ತೆ ನಿಂತಿತು. ನಿಮ್ಮ ಯಂತ್ರ ಕೆಟ್ಟಿದೆ, ನಡುನಡುವೆ ಆಫ್ ಆಗುತ್ತಿದೆ ಎಂದು ಅಲ್ಲಿದ್ದ ಹೆಣ್ಣುಮಗಳಿಗೆ ಹೇಳಿದೆ. ಅವಳು ಮೆಲ್ಲಗೆ, "ಇಲ್ಲ ಸರ್, ನಡೀತಾ ಇದೆ" ಎಂದಳು.

ಗುಂಡಿ ಹಿಡಿದು ಕೂತೆ.

ಡಾಕ್ಟರ್ ವಯಸ್ಸಾದ ಹೆಂಗಸು. ಎಡಗಣ್ಣಿನ ಒಳಗೆ ಒತ್ತಡ ಏರಿ ನರ ಒಣಗುತ್ತ ಬಂದಿದೆಯಂತೆ. ಗ್ಲಾಕೋಮಾ. ಅಂಚಿನಿಂದ ಶುರುವಾಗಿ ಒಳಗೊಳಗೇ ತಿನ್ನುತ್ತದೆ, ನೋವಿಲ್ಲ, ನಡುವಿನ ದೃಷ್ಟಿ ಕೊನೆಯವರೆಗೂ ಉಳಿಯುವುದರಿಂದ ಅಕ್ಷರ ಓದಲು ತೊಂದರೆಯಾಗುವುದಿಲ್ಲ. ಈಗ ಆ ಕಣ್ಣಿನಲ್ಲಿ ಉಳಿದಿರುವುದು ಕೀಲಿಕಿಂಡಿಯಷ್ಟು. ಹೋದದ್ದು ಬರುವುದಿಲ್ಲ, ಉಳಿದದ್ದಕ್ಕೆ ದಿನಾ ಔಷಧಿ. ಬಲಗಣ್ಣು ಚೆನ್ನಾಗಿದೆ, ಅದೇ ಇಷ್ಟು ದಿನ ಎರಡರ ಕೆಲಸವನ್ನೂ ಮಾಡಿದೆ. ಹಿಂದೆ ಯಾವಾಗಾದರೂ ಎಡಗಣ್ಣಿಗೆ ಏಟು ಬಿದ್ದಿತ್ತೇ ಎಂದು ಕೇಳಿದರು. ನನಗೆ ನಗು ಬಂತು. ಯಾವ ಏಟೆಂದು ಹೇಳಲಿ?

ಆಡಬಹುದೇ ಎಂದೆ. "ಇನ್ನೊಂದು ಏಟು ಬಿದ್ರೆ ಆ ಕಿಂಡಿಯೂ ಮುಚ್ಚುತ್ತೆ. ಪಕ್ಕದಲ್ಲಿ ಬರೋರು ನಿಮಗೆ ಕಾಣಲ್ಲ. ಅವರಿಗದು ಗೊತ್ತಿರಲ್ಲ. ಆಡಿ ಅಂತ ನಾನಂತೂ ಹೇಳಲಾರೆ" ಎಂದರು.

ಆ ಡಿಫೆಂಡರ್ ಅಲ್ಲಿ ಇದ್ದ. ಕೂಗುತ್ತಲೇ ಬಂದಿದ್ದ.

ಫೆಬ್ರವರಿ ೨೧, ಬುಧವಾರ

ಭಾವಮೈದ ಬಂದಿದ್ದ. ಅಕ್ಕನಿಂದ ವಿಷಯ ತಿಳಿದಿದೆ. ಕೆಲಸ ಕೆಟ್ಟಿತು ಎಂದು ತಲೆ ಮೇಲೆ ಕೈಹೊತ್ತು ಕೂರುತ್ತಾನೆಂದುಕೊಂಡಿದ್ದೆ. ಬದಲಿಗೆ ಕುರ್ಚಿ ಹತ್ತಿರ ಎಳೆದು, ಯಾರಿಗೂ ಹೇಳಬೇಡಿ ಎಂದ. ಕ್ಲಬ್ಬಿನವರು ಅಕ್ಷರವನ್ನಷ್ಟೇ ಓದಿಸುತ್ತಾರೆ, ಅದು ನಿಮಗೆ ಬರುತ್ತದೆ. ಎಡಚ ಬಾಯಿ ಬಿಡದಿದ್ದರೆ ಮೇ ತನಕ ತಳ್ಳಬಹುದು, ಅದರಾಚೆಯೂ ತಳ್ಳಬಹುದು.

ಹೆಂಡತಿ ಒಳಗಿನಿಂದ ಬಂದು, ಇವತ್ತು ಊಟಕ್ಕೆ ನಿಲ್ಲುತ್ತೀಯಾ ಹೊರಡುತ್ತೀಯಾ ಎಂದು ತಮ್ಮನನ್ನು ಕೇಳಿದಳು. ಹೊರಟ.

ಎಡಚ ಬಾಯಿ ಬಿಡದೆ ಇರುತ್ತಾನೆಯೇ? ಅವನನ್ನೇ ಕೇಳಿದೆ. ನೀವು ಹೇಳುವವರೆಗೂ ನಾನು ಹೇಳುವುದಿಲ್ಲ ಎಂದ. ಇಂಥ ಗುಟ್ಟು ಕೈಯಲ್ಲಿದ್ದರೆ ಯಾರೂ ಪುಕ್ಕಟೆ ಬಚ್ಚಿಡುವುದಿಲ್ಲ. ಬೆಲೆ ಏನೆಂದು ಇನ್ನೂ ತಿಳಿದಿಲ್ಲ.

ಮಾರ್ಚ್ ೯, ಶನಿವಾರ

ಮೂರು ಪಂದ್ಯಗಳ ಶಿಕ್ಷೆ ಮುಗಿಯಿತು. ಆಡಿದೆ. ಎರಡು ಗೋಲು.

ಹೆಂಡತಿಗೆ ಇದೊಂದೇ ಪಂದ್ಯ ಎಂದು ಹೇಳಿ ಹೋಗಿದ್ದೆ. ಅವಳು ಮೈದಾನಕ್ಕೆ ಬರಲಿಲ್ಲ.

ಎಡಚನ ಕೂಗಿಗೆ ಈಗ ನನ್ನ ಕಾಲು ತಾನಾಗಿ ತಿರುಗುತ್ತದೆ. "ಅಣ್ಣಾ, ಬಂತು" ಎಂದರೆ ಬಂತು. "ಅಣ್ಣಾ, ಬೇಡ" ಎಂದರೆ ನಿಂತೆ. ಒಮ್ಮೆ ಅವನು "ಬಗ್ಗಿ" ಎಂದ, ಬಗ್ಗಿದೆ. ಅವರ ಗೋಲ್‌ಕೀಪರ್ ನನ್ನ ಬೆನ್ನ ಮೇಲಿಂದ ಹಾರಿಹೋಗಿ ಬಿದ್ದ. ಅವನ ಬೂಟಿನ ಗಾಳಿ ಕಿವಿಗೆ ತಾಗಿತು. ಹತ್ತಾರು ಸಾವಿರ ಜನ ನನ್ನ ಹೆಸರು ಕೂಗುತ್ತಿದ್ದರು. ಎಲ್ಲದರ ನಡುವೆ ನನಗೆ ಕೇಳಿಸುತ್ತಿದ್ದದ್ದು ಒಬ್ಬನ ಗಂಟಲು.

ಬಹಳ ವರ್ಷಗಳಿಂದ ಇಷ್ಟು ಚೆನ್ನಾಗಿ ಆಡಿರಲಿಲ್ಲ.

ಮಾರ್ಚ್ ೧೧, ಸೋಮವಾರ

ಕೋಚ್ ತಮ್ಮ ಕೋಣೆಗೆ ಕರೆದರು. ಬಾಗಿಲು ತೆರೆಯುವಾಗಲೇ, ಇವರಿಗೆ ಕಣ್ಣಿನ ವಿಷಯ ಗೊತ್ತಾಗಿದೆ, ಇವತ್ತಿಗೆ ಮುಗಿಯಿತು ಎಂದುಕೊಂಡೆ. ಅವರು ಎದ್ದು ಕೈಕುಲುಕಿದರು. ತಂಡ ಉಳಿಯುವ ಆಸೆ ಹುಟ್ಟಿದೆ, ಇನ್ನೊಂದು ವರ್ಷ ನಿನ್ನನ್ನು ಇಟ್ಟುಕೊಳ್ಳಲು ಆಡಳಿತದವರು ಒಪ್ಪಿದ್ದಾರೆ ಎಂದರು. ಇನ್ನೊಂದು ವರ್ಷ! ಇದರಲ್ಲೇನು ಹುಳುಕಿದೆ ಎಂದು ಮನಸ್ಸು ತಡಕಾಡುತ್ತಿರುವಾಗಲೇ ಅವರು ಎಡಚನ ಮಾತೆತ್ತಿದರು.

"ಅವನನ್ನ ಇನ್ಮೇಲೆ ಬೆಂಚಿಗೆ ಹಾಕ್ತೀನಿ. ಎರಡು ತಿಂಗಳಿಂದ ಹೇಳಿ ಹೇಳಿ ಸಾಕಾಯ್ತು, ಗೆರೆ ಮೇಲೆ ನಿಲ್ಲಲ್ಲ. ನಡುವಿಗೆ ಬರ್ತಾನೆ, ಸುಮ್ನೆ ಕೂಗಾಡ್ತಾನೆ. ಶನಿವಾರ ಮೇಲಿನ ಲೀಗಿನ ಕ್ಲಬ್ಬಿನೋರು ಅವನನ್ನ ನೋಡೋಕೇ ಬಂದಿದ್ರು, ಗೊತ್ತಾ? ಅರ್ಧಕ್ಕೇ ಎದ್ದು ಹೋದ್ರು. ಇಪ್ಪತ್ತಮೂರಕ್ಕೆ ಇನ್ನೊಂದು ಸಲ ಬರ್ತಾರಂತೆ. ಬಂದು ಏನು ನೋಡ್ತಾರೆ?"

ಅವರು ಬರುವುದು ಎಡಚನಿಗೆ ಗೊತ್ತಿತ್ತೇ ಎಂದು ಕೇಳಿದೆ. ಒಂದು ವಾರ ಮೊದಲೇ ತಾನೇ ಹೇಳಿದ್ದೆ ಎಂದರು ಕೋಚ್.

ಸಂಜೆ ಎಡಚನನ್ನು ಬಟ್ಟೆ ಒಗೆಯುವ ಕೋಣೆಯ ಬಳಿ ತಡೆದು ನಿಲ್ಲಿಸಿದೆ. ಒಳಗೆ ಯಂತ್ರಗಳು ಗುಡುಗುತ್ತಿದ್ದವು. ನೇರವಾಗಿ ಕೇಳಿದೆ: ಇದರಲ್ಲಿ ನಿನಗೇನು ಲಾಭ? ಅವನಿಗೆ ಪ್ರಶ್ನೆ ಅರ್ಥವಾಗಲಿಲ್ಲ. ನನ್ನಿಂದ ನಿನಗೆ ಏನು ಆಗಬೇಕಾಗಿದೆ, ಈಗಲೇ ಹೇಳಿಬಿಡು ಎಂದೆ.

"ಏನೂ ಇಲ್ಲ ಅಣ್ಣ."

"ಏನೂ ಇಲ್ಲದೆ ಯಾರೂ ತಮ್ಮ ಅನ್ನಕ್ಕೆ ಕಲ್ಲು ಹಾಕ್ಕೊಳ್ಳಲ್ಲ."

ಅವನು ತಲೆ ಕೆರೆದುಕೊಂಡ. "ಕಣ್ಣಿಗೆ ಬಿತ್ತು. ಕಂಡ್ಮೇಲೆ ಕಾಣದ ಹಾಗೆ ಹೇಗಿರೋದು?"

ಈ ಉತ್ತರವನ್ನು ಮನೆಗೆ ತಂದು ತಿರುಗಿಸಿ ಮುರುಗಿಸಿ ನೋಡಿದ್ದೇನೆ. ಬಿಚ್ಚಿ ನೋಡಲು ಎಲ್ಲಿಯೂ ಹೊಲಿಗೆ ಸಿಗಲಿಲ್ಲ.

ಮಾರ್ಚ್ ೧೨, ಮಂಗಳವಾರ

ಒಂದು ವರ್ಷ. ಮಗಳಿಗೆ ಶಾಲೆ ಬದಲಾಗುವುದಿಲ್ಲ. ಹೆಂಡತಿಯ ಕೆಲಸ ಉಳಿಯುತ್ತದೆ. ಎಡಚ ಬೆಂಚಿಗೆ ಹೋದರೆ ಬಲಗಡೆಯಿಂದ ಬರುವ ಚೆಂಡುಗಳಿದ್ದೇ ಇವೆ. ಹೇಗೋ ನಡೆಯುತ್ತದೆ.

ಮಾರ್ಚ್ ೧೪, ಗುರುವಾರ

ಹೇಳಿಬಿಟ್ಟೆ.

ಕೋಚ್ ಬೂಟಿನ ಮಣ್ಣು ತೆಗೆಯುತ್ತ ಕೂತಿದ್ದರು. ನಾನು ಹೇಳುತ್ತ ಹೋದಂತೆ ಅವರ ಕೈ ನಿಂತಿತು. ಎದ್ದು ಬಾಗಿಲು ಹಾಕಿ ಬಂದರು. ಮೊದಲು ನಂಬಲಿಲ್ಲ, ಆಮೇಲೆ ನನ್ನ ಎಡಗಡೆ ಬಂದು ನಿಂತು ಏನೋ ಮಾಡಿದರು, ಏನೆಂದು ನನಗೆ ತಿಳಿಯಲಿಲ್ಲ. ತಿರುಗಿ ಬಂದು ಧೊಪ್ಪೆಂದು ಕೂತರು.

"ಯಾಕೆ ಹೇಳ್ದೆ? ಸುಮ್ನಿದ್ದಿದ್ರೆ ನಡ್ಕೊಂಡು ಹೋಗ್ತಿತ್ತಲ್ಲ" ಎಂದರು. ಧ್ವನಿಯಲ್ಲಿ ಸಿಟ್ಟಿತ್ತು. ತಂಡ ಮುಳುಗಿದರೆ ಅವರ ಕೆಲಸವೂ ಹೋಗುತ್ತದೆ.

"ಎಡಚ ಗೆರೆ ಬಿಟ್ಟು ಬರ್ತಿದ್ದದ್ದು ನನಗೋಸ್ಕರ. ಕೂಗ್ತಿದ್ದದ್ದೂ ನನಗೋಸ್ಕರ. ಅವನನ್ನ ಇಪ್ಪತ್ತಮೂರಕ್ಕೆ ಆಡಿಸಿ. ಗೆರೆ ಮೇಲೇ ಆಡಿಸಿ."

ಅವರು ಕಿಟಕಿಯಾಚೆ ನೋಡಿದರು. ಹುಲ್ಲಿಗೆ ನೀರು ಹಾಯಿಸುತ್ತಿದ್ದರು. ಹೊರಡುವಾಗ, "ಔಷಧಿ ಹಾಕ್ಕೋತಿದ್ದೀಯಾ?" ಎಂದಷ್ಟೇ ಕೇಳಿದರು.

ಭಾವಮೈದ ಫೋನಿನಲ್ಲಿ ಕೂಗಾಡಿದ. ನಿಮಗೆ ತಲೆ ಕೆಟ್ಟಿದೆ ಭಾವ, ಕೈಗೆ ಬಂದ ತುತ್ತನ್ನು ಯಾರಾದರೂ ನೆಲಕ್ಕೆ ಚೆಲ್ಲುತ್ತಾರಾ ಎಂದ. ಹೆಂಡತಿ ನನ್ನ ಕೈಯಿಂದ ಫೋನ್ ತೆಗೆದುಕೊಂಡು ಬಾಲ್ಕನಿಗೆ ಹೋದಳು. ಅಕ್ಕ ತಮ್ಮ ಏನು ಮಾತಾಡಿಕೊಂಡರೋ. ಒಳಬಂದಾಗ ಅವಳ ಮುಖ ಹಗುರಾಗಿತ್ತು. ಬೇಕರಿಯಲ್ಲಿ ಅಂದ ಮಾತುಗಳ ಬಗ್ಗೆ ಏನಾದರೂ ಹೇಳಬೇಕೆಂದು ಬಾಯಿ ತೆರೆದೆ. "ಇವತ್ತು ಬೇಡ. ಇನ್ನೊಂದಿನ ಸರಿಯಾಗಿ ಕೂತು ಜಗಳ ಆಡೋಣ" ಎಂದಳು. ಅವಳಾಡಿದ್ದೇ ಸರಿ.

ಮಾರ್ಚ್ ೧೭, ಭಾನುವಾರ

ಕೆನ್ನೆ ಮುರಿದ ಡಿಫೆಂಡರನಿಗೆ ಫೋನ್ ಮಾಡಿದೆ. ಇದ್ದದ್ದನ್ನು ಇದ್ದ ಹಾಗೆ ಹೇಳಿದೆ. ದವಡೆಗೆ ತಂತಿ ಬಿಗಿದಿದ್ದಾರೆ, ಮಾತು ಹಲ್ಲಿನ ಸಂದಿಯಿಂದ ಬರುತ್ತಿತ್ತು. ತನ್ನ ಕೂಗು ನಿಮಗೆ ಕೇಳಲಿಲ್ಲವೇ ಎಂದು ಕೇಳಿದ. ಕೇಳಿರಬೇಕು, ನಂಬಲಿಲ್ಲ ಎಂದೆ. ಕ್ಷಮಿಸಿದೆ ಎಂದೇನೂ ಅವನು ಅನ್ನಲಿಲ್ಲ. ಮುಂದಿನ ತಿಂಗಳು ಗಟ್ಟಿ ಊಟ ಶುರು ಮಾಡಬಹುದಂತೆ, ಅದನ್ನು ಹೇಳಿದ.

ಮಾರ್ಚ್ ೨೩, ಶನಿವಾರ

ಮೊದಲ ಸಲ ಪ್ರೇಕ್ಷಕರ ನಡುವೆ ಕೂತು 'ನಮ್ಮ' ಪಂದ್ಯ ನೋಡಿದೆ. ನನಗೆ ಬಲಗಡೆ ಮಗಳು, ಎಡಗಡೆ ಹೆಂಡತಿ. ಕಡಲೆಕಾಯಿ ಮಾರುವವನು ಬಂದರೆ, ಮೆಟ್ಟಿಲಲ್ಲಿ ಯಾರಾದರೂ ಏರಿದರೆ, ಅವಳು ಮೊಣಕೈಯಿಂದ ನನಗೆ ತಿಳಿಸುತ್ತಿದ್ದಳು. ಆಟದ ನಡುವೆ ನಾವು ಬೇಕರಿಯ ವಿಷಯಕ್ಕೆ ಜಗಳವಾಡಿದೆವು ಕೂಡ. ಚಿಕ್ಕದಾಗಿ, ಮಗಳಿಗೆ ಕೇಳಿಸದಂತೆ. ತಪ್ಪು ಪೂರ್ತಿ ನನ್ನದೇ ಎಂದು ತೀರ್ಮಾನವಾಯಿತು.

ಎಡಚ ಗೆರೆಯ ಮೇಲಿದ್ದ. ಸುಣ್ಣದ ಗೆರೆಗೆ ಅಂಟಿಕೊಂಡು, ಚೆಂಡನ್ನು ಕಾಲಿಗೆ ಹೊಲಿದುಕೊಂಡವನ ಹಾಗೆ ಓಡಿದ. ಬಾಯಿ ಮುಚ್ಚಿತ್ತು. ಅವನು ಹೀಗೆ ಓಡಬಲ್ಲ ಎಂದು ನನಗೆ ಗೊತ್ತೇ ಇರಲಿಲ್ಲ. ಜೊತೆಗೆ ಆಡುವಾಗ ನಾನು ನೋಡಿರಲೇ ಇಲ್ಲ. ಇಬ್ಬರು ಡಿಫೆಂಡರುಗಳು ಅವನನ್ನು ಹಿಡಿಯಲು ಹೋಗಿ ಒಬ್ಬರಿಗೊಬ್ಬರು ಢಿಕ್ಕಿ ಹೊಡೆದು ಬಿದ್ದರು. ಮಗಳು ಕುರ್ಚಿಯ ಮೇಲೆ ಹತ್ತಿ ನಿಂತಳು. ಅಲ್ಲಿಂದ ಅವನು ಒದ್ದ ಚೆಂಡು ಬಾಗಿ ಬಂತು. ನನ್ನ ಜಾಗದಲ್ಲಿ ಆಡುತ್ತಿದ್ದವನು ಬರೀ ಕಾಲು ಚಾಚಿದ. ಗೋಲು.

ಎರಡನೆಯ ಅರ್ಧದಲ್ಲಿ ಇನ್ನೊಂದು ಹಾಗೆಯೇ ಬಂತು, ಎತ್ತರಕ್ಕೆ. ನಾನು ಕೂತಲ್ಲಿಂದ ಎದ್ದೆ, ಕುತ್ತಿಗೆ ಹಿಂದಕ್ಕೆ ಬಾಗಿ ತಾನಾಗಿ ಮುಂದಕ್ಕೆ ಚಿಮ್ಮಿತು. ಮುಂದಿನ ಸಾಲಿನವನ ಟೋಪಿಗೆ ನನ್ನ ಹಣೆ ಬಡಿದು ಟೋಪಿ ಮೂರು ಸಾಲು ಕೆಳಗೆ ಬಿತ್ತು. ಅವನು ತಿರುಗಿ ನೋಡಿ ನನ್ನ ಗುರುತು ಹಿಡಿದ. ಟೋಪಿ ತರಲು ತಾನೇ ಇಳಿದು ಹೋದ. ಹೆಂಡತಿ ನನ್ನ ಅಂಗಿಯ ತುದಿ ಹಿಡಿದು ಕೂರಿಸಿದಳು. ಬಿಡಲಿಲ್ಲ, ಪಂದ್ಯ ಮುಗಿಯುವವರೆಗೂ ಹಿಡಿದೇ ಇದ್ದಳು.

ಒಂದೇ ಗೋಲಿನಿಂದ ಗೆದ್ದೆವು. ಮೇಲಿನ ಲೀಗಿನ ಕ್ಲಬ್ಬಿನವರು ಕೊನೆಯವರೆಗೂ ಕೂತಿದ್ದರು. ಪಂದ್ಯ ಮುಗಿದೊಡನೆ ಕೋಟು ತೊಟ್ಟ ಇಬ್ಬರು ಆಟಗಾರರ ದಾರಿಯ ಬಾಯಲ್ಲಿ ಹೋಗಿ ನಿಂತರು. ಕೋಚ್ ಅವರ ಪಕ್ಕ ನಿಂತು ಎಡಚನಿಗೆ ಕೈಸನ್ನೆ ಮಾಡುತ್ತಿದ್ದರು. ಅವನು ಅತ್ತ ಹೋಗದೆ, ಬೆವರು ಸುರಿಸಿಕೊಂಡು ಮೈದಾನ ಅಡ್ಡ ಹಾಯ್ದು ನಾವು ಕೂತಿದ್ದ ಕಡೆ ಬಂದ. ಕಂಬಿಯ ಬಳಿ ಇಳಿದು ಹೋದೆ. ಅವರು ಕಾಯುತ್ತಿದ್ದಾರೆ, ಮೊದಲು ಅಲ್ಲಿಗೆ ಹೋಗು ಎಂದು ಬೈದೆ.

ಅವನು ಏದುಸಿರು ಬಿಡುತ್ತಿದ್ದ. ಕಂಬಿ ಹಿಡಿದು ನಿಂತು, "ಅಣ್ಣ, ಆ ಎರಡನೇದು. ನೀವಿದ್ದಿದ್ರೆ ಗೋಲಾಗ್ತಿತ್ತು" ಎಂದ.

ಆ ಚೆಂಡು ಯಾರ ತಲೆಗೂ ಎಟುಕುವಂಥದ್ದಾಗಿರಲಿಲ್ಲ. ಇಪ್ಪತ್ತೈದರ ಹರೆಯದಲ್ಲೂ, ಎರಡು ಕಣ್ಣಿದ್ದಾಗಲೂ, ನನ್ನ ಕೈಲಿ ಆಗುತ್ತಿರಲಿಲ್ಲ. ಅವನು ಹೇಳುತ್ತಿದ್ದದ್ದು ಶುದ್ಧ ಸುಳ್ಳು. ಅದು ಸುಳ್ಳೆಂದು ನನಗೆ ಗೊತ್ತಿದೆ ಎನ್ನುವುದು ಅವನಿಗೂ ಗೊತ್ತಿತ್ತು.

"ಹೌದು ಕಣೋ" ಎಂದೆ. "ಆಗ್ತಿತ್ತು."